ಬರ್ತೇನಿ ಅಂದ ಅನು ಸಿಸ್ಟರ್

ಅರ್ಧ

ಈ ಕಥೆಯನ್ನು ಹೇಗೆ ಶುರು ಮಾಡಬೇಕು ಅಂತ ಒದ್ದಾಡಿ ಸಾಕಾಗಿದೆ. ಮೊದಲ ಡ್ರಾಫ್ಟು ಹೀಗಿತ್ತು: "ಆಳಂದದ ಆ ದವಾಖಾನೆಯ ಕಿಟಕಿಯಿಂದ ಎಳೆ ಬಿಸಿಲು ಇಣುಕುತ್ತಿತ್ತು." ಹರಿದು ಹಾಕಿದೆ. ಬಿಸಿಲು ಇಣುಕುವುದೆಲ್ಲ ಬೇರೆ ಜಿಲ್ಲೆಗಳಲ್ಲಿ. ನಮ್ಮಲ್ಲಿ ಅದು ಬಾಗಿಲು ತಳ್ಳಿಕೊಂಡು ಬಂದು ಮಂಚದ ಮೇಲೆ ಕೂರುತ್ತದೆ.

ಎರಡನೇ ಡ್ರಾಫ್ಟು "ಶುಶ್ರೂಷೆ ಎಂಬುದು" ಅಂತ ಶುರುವಾಯಿತು. "ಎಂಬುದು" ಅಂತ ಶುರುವಾಗುವ ಕಥೆಯನ್ನು ನಾನೇ ಓದುವುದಿಲ್ಲ, ನೀವು ಯಾಕೆ ಓದುತ್ತೀರಿ? ಮೂರನೆಯದು ಅರ್ಧಕ್ಕೇ ನಿಂತುಹೋಯಿತು. ಆಗ ಹೊಳೆಯಿತು, ಇದು ಅರ್ಧದ ಕಥೆಯೇ ಅಲ್ಲವೆ ಅಂತ. ಅದಕ್ಕೇ ಅರ್ಧದಿಂದ ಎಣಿಸುತ್ತಿದ್ದೇನೆ. ಲೆಕ್ಕ ತಪ್ಪಿದರೆ ಬೇಜಾರಾಗಬೇಡಿ, ನಾನು ಕನ್ನಡ ಪಾಠ ಮಾಡುವವಳು.

ಒಂದು

ಪರಿಚಯ ಮಾಡಿಕೊಡುತ್ತೇನೆ. ನಾನು ಅಫಜಲಪುರದ ಕಾಲೇಜಿನಲ್ಲಿ ಉಪನ್ಯಾಸಕಿ, ತವರು ಆಳಂದ. ಕಥೆಗಾರರ ಹೊಟ್ಟೆಯಲ್ಲಿ ಕಥೆಗಳಿರುತ್ತವೆ ಅಂತಾರೆ, ನನ್ನದರಲ್ಲಿ ಕಲ್ಲು ಸಿಕ್ಕಿತು. ಕಿಡ್ನಿ ಕಲ್ಲು. ತವರೂರಿನ ಒಂದು ಸಣ್ಣ ದವಾಖಾನೆಯ ಹೆಂಗಸರ ವಾರ್ಡಿನಲ್ಲಿ ನಾಲ್ಕನೇ ಬೆಡ್ ನನ್ನದಾಯಿತು. (ದವಾಖಾನೆಯ ಹೆಸರು ಹೇಳುವುದಿಲ್ಲ. ಮುಂದೆ ಮತ್ತೆ ಕಲ್ಲಾದರೆ ಅಲ್ಲಿಗೇ ಹೋಗಬೇಕು.)

ಆ ವಾರ್ಡಿನಲ್ಲಿ ಹಗಲು ನೋಡಿಕೊಳ್ಳಲು ಇದ್ದದ್ದು ಒಂದೇ ನರ್ಸ್ ಹುದ್ದೆ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಡ್ಯೂಟಿ. ಆ ಒಂದು ಹುದ್ದೆಯಲ್ಲಿ ಇಬ್ಬರಿದ್ದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅನುಜಾ, ಮಧ್ಯಾಹ್ನದಿಂದ ರಾತ್ರಿಯವರೆಗೆ ಅನುರಾಧಾ. ಅನುಜಾಳ ಕೂಸು ಮಯೂರ ಇನ್ನೂ ಎದೆಹಾಲು ಬಿಟ್ಟಿಲ್ಲ, ಅವಳಿಗೆ ದಿನಪೂರ್ತಿ ಮನೆ ಬಿಟ್ಟಿರಲು ಆಗುವುದಿಲ್ಲ. ಅನುರಾಧಾ ಗಂಡಸರ ವಾರ್ಡಿನಲ್ಲಿ ವರ್ಷಾನುಗಟ್ಟಲೆ ಪೇಷಂಟುಗಳನ್ನು ಎತ್ತಿ ಇಳಿಸಿ ಬೆನ್ನಿನ ಡಿಸ್ಕ್ ಜರುಗಿಸಿಕೊಂಡವಳು. ನಡುವಿಗೆ ಬೆಲ್ಟು ಕಟ್ಟಿಕೊಂಡೇ ಓಡಾಡುತ್ತಾಳೆ, ಅರ್ಧ ದಿನಕ್ಕಿಂತ ಹೆಚ್ಚು ನಿಂತರೆ ರಾತ್ರಿ ಅಳುತ್ತಾಳೆ. ಇಬ್ಬರೂ ಒಂದೇ ವಾರ ರಾಜೀನಾಮೆ ಬರೆದುಕೊಂಡು ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಭೇಟಿಯಾದರು. ಎದ್ದಾಗ ಒಂದು ನೌಕರಿಯನ್ನು ಎರಡು ಹೋಳು ಮಾಡಿಕೊಂಡಿದ್ದರು.

ಇಂಗ್ಲಿಷಿನಲ್ಲಿ ಇದಕ್ಕೆ ಜಾಬ್ ಶೇರಿಂಗ್ ಅಂತ ಹೆಸರಿದೆಯಂತೆ. ಕನ್ನಡದಲ್ಲಿ "ಉದ್ಯೋಗ ಹಂಚಿಕೆ" ಅಂದು ನೋಡಿದೆ. ಸರ್ಕಾರ ಏನೋ ಹಂಚುತ್ತಿದೆ ಅಂತ ತಿಳಿದು ಜನ ಸಾಲು ಹಚ್ಚಿಬಿಟ್ಟಾರು. ವಾರ್ಡಿನ ಆಯಾ ಶಮ್ಸುನ್ನಿಸಾ ಆಗಲೇ ಹೆಸರಿಟ್ಟಾಗಿತ್ತು: "ಆಧಾ-ಆಧಾ," ಅಂದರೆ ಅರ್ಧರ್ಧ. ಇಡೀ ದವಾಖಾನೆ ಅದನ್ನೇ ಅನ್ನುತ್ತಿತ್ತು. ನಾನೂ ನನ್ನ ಪದವನ್ನು ವಾಪಸು ತಗೊಂಡೆ.

ದವಾಖಾನೆಯ ಯಜಮಾನರಾದ ಡಾಕ್ಟರ್ ವ್ಯಂಕಟೇಶ ಒಪ್ಪಿದ್ದು ಅರೆಮನಸ್ಸಿನಿಂದ. "ಒಂದು ತಿಂಗಳ ನೋಡೂಣು. ಗಂಡ ಹೆಂಡತಿ ಜಗಳದಾಗ ಕೂಸು ಬಡವಾತು ಅಂತಾರಲ್ಲ, ಹಂಗ ನಿಮ್ಮಿಬ್ಬರ ನಡುವ ನನ್ನ ಪೇಷಂಟ್ ಬಡವಾಗಬಾರದು. ಒಂದು ತಪ್ಪಾತಂದ್ರ ಈ ಆಟ ಬಂದ್." ಬಂದ್ ಆದರೆ ಇಬ್ಬರಿಗೂ ಮನೆಯೇ ಗತಿ. ಆ ತಿಂಗಳು ಮುಗಿಯುವುದು ಶನಿವಾರ, ನಾನು ಹೇಳುತ್ತಿರುವುದು ಗುರುವಾರದ ಮಾತು.

(ಇಲ್ಲಿ ಒಂದು ಜಗಳ. ಅನುಜಾ, ಅನುರಾಧಾ ಇಬ್ಬರೂ ವಾರ್ಡಿನಲ್ಲಿ "ಅನು ಸಿಸ್ಟರ್." ಓದುಗರಿಗೆ ಗೊಂದಲವಾಗುತ್ತದೆ ಅಂತ ನಾನು ಒಬ್ಬಳ ಹೆಸರನ್ನು ಸಪ್ನಾ ಅಂತ ಬದಲಿಸಿದೆ. ಅನುಜಾ ಡ್ರಾಫ್ಟಿನೊಳಗಿಂದಲೇ ಎದ್ದು ಬಂದಳು. "ನೌಕರಿ ಅರ್ಧ ಬಿಟ್ಟುಕೊಟ್ಟೇನ್ರಿ ಮೇಡಂ, ಪಗಾರ ಅರ್ಧ ಬಿಟ್ಟುಕೊಟ್ಟೇನಿ. ಈಗ ಹೆಸರೂ ಬಿಡ್ಲೇನು?" ಅವಳ ಹೆಸರು ಅವಳಿಗೇ ಇರಲಿ. ನೀವೇ ಸ್ವಲ್ಪ ಕಣ್ಣು ಬಿಟ್ಟು ಓದಿ.)

ಒಂದೂವರೆ

ಐದನೇ ಬೆಡ್‌ಗೆ ಬುಧವಾರ ರಾತ್ರಿ ಎಂಟಾದ ಮೇಲೆ ಬಂದವರು ರುಕ್ಮಿಣಿಬಾಯಿ. ಕಡಗಂಚಿಯವರು. ಸಕ್ಕರೆ ಕಾಯಿಲೆ, ಕಾಲಿಗೆ ಹುಣ್ಣು. ಮಗ ಧಮ್ಮಪಾಲ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಕಾರಕೂನ. ಗುರುವಾರ ಬೆಳಿಗ್ಗೆ ಡಬ್ಬಿ ತಂದಿಟ್ಟು ಅವನು ಕೆಲಸಕ್ಕೆ ಹೋದ. ರುಕ್ಮಿಣಿಬಾಯಿ ಹಿಂದೊಮ್ಮೆ ಇದೇ ವಾರ್ಡಿನಲ್ಲಿ ಮಲಗಿದ್ದವರು. ಆಗ ಅನುಜಾ ಬಸುರಿ, ಆದರೂ ಬೆಳಗಿನಿಂದ ರಾತ್ರಿವರೆಗೆ ಒಬ್ಬಳೇ ಇದ್ದಳು. ಈಗ ಆಧಾ-ಆಧಾ ಆಗಿದೆ ಅಂತ ಆಯಿಗೆ (ಮುದುಕಿಯರನ್ನು ನಾವು ಕರೆಯುವುದು ಹಾಗೆ) ಯಾರೂ ಹೇಳಿರಲಿಲ್ಲ.

ಮಧ್ಯಾಹ್ನ ಅನುಜಾ ಬಂದು ಇನ್ಸುಲಿನ್ ಚುಚ್ಚಿದಳು. ಈ ಸೂಜಿ ಆದಮೇಲೆ ಸ್ವಲ್ಪ ಹೊತ್ತಿಗೆ ಉಣ್ಣಲೇಬೇಕು, ಇಲ್ಲದಿದ್ದರೆ ರಕ್ತದ ಸಕ್ಕರೆ ಸರ್ರನೆ ಇಳಿದುಬಿಡುತ್ತದೆ. ಡಬ್ಬಿಯನ್ನು ಬಿಚ್ಚಿ ಅವರ ಮುಂದಿಟ್ಟಳು. ಜೋಳದ ರೊಟ್ಟಿ, ಪುಂಡಿಪಲ್ಯ. ನನಗೆ ಈ ಕಡೆ ಬೆಡ್ಡಿನಲ್ಲಿ ಗಂಜಿ. ದೇವರು ನ್ಯಾಯವಂತನಲ್ಲ.

"ಯವ್ವಾ ಅನು, ಪಲ್ಯ ನಮ್ಮ ಸೊಸಿ ಮಾಡ್ಯಾಳ. ಬಾ, ಇಬ್ರೂ ಕೂಡೇ ಉಣ್ಣೂಣು" ಅಂದರು ರುಕ್ಮಿಣಿಬಾಯಿ.

ಅದೇ ಹೊತ್ತಿಗೆ ಅನುಜಾಳ ಫೋನು. ಆ ಕಡೆಯಿಂದ ಮಯೂರನ ಕಿರುಚಾಟ ನನ್ನ ಬೆಡ್‌ವರೆಗೂ ಕೇಳಿತು. ಅವಳು ಬ್ಯಾಗನ್ನು ಹೆಗಲಿಗೆ ಹಾಕುತ್ತ, "ಉಣ್ರಿ ಆಯಿ, ಜಲ್ದಿ ಉಣ್ರಿ. ಬರ್ತೇನ್ರಿ" ಅಂದು ಹೊರಟಳು.

ಬರ್ತೇನಿ.

ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಯಾರೂ ಹೊಸ್ತಿಲ ಮೇಲೆ ನಿಂತು "ಹೋಗ್ತೇನಿ" ಅನ್ನುವುದಿಲ್ಲ. ಹೋಗುವವರೆಲ್ಲ "ಬರ್ತೇನಿ" ಅಂದೇ ಹೋಗುತ್ತಾರೆ. ದವಾಖಾನೆಯಲ್ಲಂತೂ "ಹೋದರು" ಅನ್ನುವ ಮಾತಿಗೆ ಒಂದೇ ಅರ್ಥ. ನನ್ನ ಕ್ಲಾಸು ಬಿಟ್ಟು ಸೈನ್ಸಿಗೆ ಓಡಿದ ಹುಡುಗರೂ "ಬರ್ತೇನ್ರಿ ಮೇಡಂ" ಅಂದೇ ಓಡಿದ್ದು. ನಾನು ಯಾರಿಗೂ ಕಾಯಲಿಲ್ಲ. ಆದರೆ ಊಟಕ್ಕೆ ಕರೆದಾಗ "ಬರ್ತೇನಿ" ಅಂದರೆ ಅದು ಬೇರೆ ಮಾತು. ಕರೆದವರು ಕಾಯಬೇಕು.

ರುಕ್ಮಿಣಿಬಾಯಿ ಡಬ್ಬಿಯ ಮುಚ್ಚಳ ಹಾಕಿ ಕಾಯತೊಡಗಿದರು.

ಬಾಗಿಲಲ್ಲಿ ಅನುರಾಧಾ ಬರುತ್ತಿದ್ದಳು. ಅನುಜಾ ಚಪ್ಪಲಿ ಮೆಟ್ಟುತ್ತಲೇ ಅವಳಿಗೆ ವಾರ್ಡು ಒಪ್ಪಿಸಿದಳು: "ಐದನೇ ಬೆಡ್‌ಗೆ ಸೂಜಿ ಆತು, ಊಟ ಇಟ್ಟೇನಿ." ಅನುರಾಧಾಳ ಕಿವಿಗೆ ಅದು ಊಟ ಆಯಿತು ಅಂತ ಕೇಳಿಸಿತು. ಇಟ್ಟದ್ದಕ್ಕೂ ಆದದ್ದಕ್ಕೂ ನಡುವೆ ಇದ್ದ ಆ ಸಣ್ಣ ಜಾಗದಲ್ಲಿ ಐದನೇ ಬೆಡ್ ಜಾರಿತು.

ಎರಡು

ನನಗೆ ನೋವಿನ ಇಂಜೆಕ್ಷನ್ ಕೊಟ್ಟಿದ್ದರು, ಜೋಂಪು ಹತ್ತಿತ್ತು. ಎಚ್ಚರಾದಾಗ ರುಕ್ಮಿಣಿಬಾಯಿ ಫ್ಯಾನಿನ ಸಂಗಡ ಮಾತಾಡುತ್ತಿದ್ದರು.

"ಇಳದು ಬಾರವ್ವಾ. ಎಷ್ಟ್ ತಿರಗತಿ? ರೊಟ್ಟಿ ಆರಾಕತ್ತಾವ."

ನಗು ಬಂತು. ಮುದುಕಿ ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡೆ. (ಇದನ್ನು ಕಥೆಯಲ್ಲಿ ಬಳಸಿಕೊಳ್ಳಬೇಕು ಅಂತಲೂ ಅಂದುಕೊಂಡೆ. ಕಥೆಗಾರರ ಜಾತಿಯ ಪ್ರಾಣಿಗಳು ಹೀಗೆಯೇ.) ಆಮೇಲೆ ನೋಡಿದರೆ ಅವರ ಕುಪ್ಪಸ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು, ಕೈ ನಡುಗುತ್ತಿತ್ತು.

"ಸಿಸ್ಟರ್!" ಅಂತ ಕೂಗಿದೆ. ಕಲ್ಲಿನ ನೋವು ಮರೆತು ಕೂಗಿದೆ.

ಅನುರಾಧಾ ಓಡಿ ಬಂದಳು. ಬೆನ್ನು ಸರಿಯಿಲ್ಲದವಳು ಹಾಗೆ ಓಡಬಾರದು. "ಆಯಿ, ಊಟ ಮಾಡಿರಲ್ರಿ?" ಅಂತ ಕೇಳುತ್ತಲೇ ಡಬ್ಬಿಯ ಮುಚ್ಚಳ ತೆಗೆದಳು. ರೊಟ್ಟಿ ಮಡಚಿದ ಹಾಗೆಯೇ ಇತ್ತು.

"ಅನು ಸಿಸ್ಟರ್ ಬರ್ತೇನಿ ಅಂದಾಳ. ಬರ್ಲಿ, ಉಣ್ತೇನಿ."

"ನಾನೇ ಅನು ಸಿಸ್ಟರ್ ನೋಡ್ರಿ ಆಯಿ, ಬಂದೇನಿ!"

"ನೀ ಆ ಅನು ಅಲ್ಲ ಬಿಡವ್ವಾ" ಅಂದ ರುಕ್ಮಿಣಿಬಾಯಿಯ ಕಣ್ಣು ಮೇಲಕ್ಕೆ ಹೋಯಿತು.

ಇಲ್ಲಿ ನಾನು ಪೆನ್ನು ಬಿಗಿ ಹಿಡಿದು ಬರೆದೆ: "ಮಾನಿಟರಿನ ಗೆರೆ ನಿಧಾನವಾಗಿ..."

ಎರಡೂವರೆ

"ನಿಂದರ್ರಿ" ಅಂದಳು ಅನುರಾಧಾ.

ವಾರ್ಡಿನಲ್ಲಲ್ಲ, ನಾನು ಬರೆಯುವ ಮೇಜಿನ ಎದುರು ನಿಂತಿದ್ದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಸಿಟ್ಟು ಬಂದಾಗ ಬೆನ್ನು ನೋಯುವುದಿಲ್ಲವಂತೆ.

"ಯಾವ ಮಾನಿಟರ್ರಿ? ನಮ್ಮ ವಾರ್ಡಿನ್ಯಾಗ ಮಾನಿಟರ್ ಎಲ್ಲಿ ಅದ?"

"ಕಥೆಗೆ ಬೇಕಾಗಿತ್ತು..."

"ಕಥಿಗೆ ಆಯಿ ಸಾಯೋದೂ ಬೇಕಾಗಿತ್ತೇನು? ನಿಮಗ ಮುಗಸಾಕ ಬರಂಗಿಲ್ಲಂದ್ರ ನಮ್ಮ ಪೇಷಂಟ್ ಸಾಯಬೇಕೇನ್ರಿ ಮೇಡಂ?"

ಸಾವು ಬಂದರೆ ಕಥೆಗೆ ತೂಕ ಬರುತ್ತದೆ, ವ್ಯವಸ್ಥೆಯ ದುರಂತ ಅಂತ ವಿಮರ್ಶಕರು ಬರೆಯುತ್ತಾರೆ ಅಂತ ತಿಳಿಸಿ ಹೇಳಲು ನೋಡಿದೆ. ಅವಳು ಕೇಳಲಿಲ್ಲ.

"ತೂಕ ಎತ್ತೋದು ನನಗ ಹೇಳಬ್ಯಾಡ್ರಿ. ನಡಾ ಮುರಕೊಂಡು ಕುಂತೇನಿ. ನಾ ಅಲ್ಲೇ ಇದ್ದೆ, ನನ್ನ ಕೈಯಾಗ ಗ್ಲೂಕೋಸ್ ಇತ್ತು. ನಾ ಮಾಡಿದ್ದು ಬರೀರಿ."

ಮಾತು ಸರಿಯಾಗಿತ್ತು. ಮಾನಿಟರಿನ ಸಾಲು ಹೊಡೆದು ಹಾಕಿದೆ. ನಿಜ ಹೇಳಬೇಕೆಂದರೆ ಹೊಡೆದು ಹಾಕಿದ ಮೇಲೆ ನನಗೇ ಹಾಯೆನಿಸಿತು, ಎದ್ದು ಹೋಗಿ ಚಹಾ ಮಾಡಿಕೊಂಡೆ.

ಮೂರು

ಅವಳು ಮಾಡಿದ್ದು ಇಷ್ಟು. ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಆಯಿಗೆ ಇನ್ನೂ ನುಂಗುವಷ್ಟು ಎಚ್ಚರವಿತ್ತು. ತಲೆ ಎತ್ತಿ ಹಿಡಿದು ಗ್ಲೂಕೋಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಶಮ್ಸುನ್ನಿಸಾ ಡಾಕ್ಟರನ್ನು ಕರೆಯಲು ಓಡಿದಳು. ಡಾಕ್ಟರ್ ವ್ಯಂಕಟೇಶ ಬಂದು ನರಕ್ಕೂ ಗ್ಲೂಕೋಸ್ ಹಚ್ಚಿದರು. ಸ್ವಲ್ಪ ಹೊತ್ತಿಗೆ ರುಕ್ಮಿಣಿಬಾಯಿ ಕಣ್ಣು ಬಿಟ್ಟು ಫ್ಯಾನನ್ನು ನೋಡಿದರು. ಈ ಸಲ ಮಾತಾಡಿಸಲಿಲ್ಲ.

ಪ್ರಾಣ ಉಳಿಯಿತು. ನಾನು ಅತ್ತೆ. ನೆರೆಬೆಡ್ಡಿನ ಮುದುಕಿ, ನಿನ್ನೆ ರಾತ್ರಿಯ ಪರಿಚಯ, ಆದರೂ ಅತ್ತೆ.

ಆದರೆ ಡಾಕ್ಟರ ಮುಖ ಗಂಟಿಕ್ಕಿತ್ತು. ಅನುರಾಧಾ ಏನೂ ಮುಚ್ಚಿಡಲಿಲ್ಲ. "ಊಟ ಇಟ್ಟೇನಿ ಅಂದ್ಲ್ರಿ, ನಾ ಊಟ ಆಗ್ಯದ ಅಂತ ತಿಳಕೊಂಡೆ. ತಪ್ಪು ನಂದೂ ಅದ" ಅಂದಳು. "ಇದಕ್ಕ ನೋಡ್ರಿ ನಾ ಅಂದಿದ್ದು" ಅಂದರು ಅವರು. ಅನುಜಾಳಿಗೆ ಫೋನು ಹೋಯಿತು.

ಅನುಜಾ ಬಂದಳು. ಕೂದಲು ಕೆದರಿತ್ತು, ಕಂಕುಳಲ್ಲಿ ಮಯೂರ. ವಾರ್ಡಿನ ಬಾಗಿಲಲ್ಲೇ ಅವಳ ಕಾಲು ನಿಂತಿತು. ಡಾಕ್ಟರ್ ಕೇಳಿದರು, "ಪೇಷಂಟ್‌ಗೆ ಬರ್ತೇನಿ ಅಂದಿದ್ರಂತ?"

"ಹೌದ್ರಿ ಸರ್. ಎಲ್ಲಾರೂ ಅಂತಾರಲ್ರಿ... ಹಂಗ ಅಂದೆ."

ಆಗ ಐದನೇ ಬೆಡ್ಡಿನಿಂದ ಮಾತು ಬಂತು. ಸಣ್ಣ ಧ್ವನಿ, ಆದರೆ ಸ್ಪಷ್ಟವಾಗಿತ್ತು.

"ಸಾಹೇಬ್ರ, ಬರ್ತೇನಿ ಅಂದ್ಲು. ಬಂದಾಳ. ಮತ್ತೇನ್ರಿ ತಪ್ಪು?"

"ಯಾವಾಗ ಬಂದ್ರು ಆಯಿ? ಇನ್ನಷ್ಟು ತಡ ಆಗಿದ್ರ ನೀವು..."

"ಕಂಕಳಾಗ ಕೂಸದ, ತಡ ಆಗ್ತದ." ರುಕ್ಮಿಣಿಬಾಯಿ ಉಸಿರು ತಗೊಂಡರು. "ನಾ ಜಲ್ಮಪೂರ್ತಿ ಮಂದಿ ಹೊಲದಾಗ ದುಡದಾಕಿ. ಮಗನ ಲಗ್ನಕ್ಕ ಎಲ್ಲಾ ದೊಡ್ಡ ಮನಿಗೂ ಹೋಗಿ ಹೇಳಿ ಬಂದಿದ್ದೆ. ಬರ್ತೇವಿ ಬರ್ತೇವಿ ಅಂದ್ರು. ಒಬ್ರೂ ಬಂದು ನಮ್ಮನ್ಯಾಗ ಉಣ್ಣಲಿಲ್ಲ. ಇಕಿ ಬರ್ತೇನಿ ಅಂದಾಗ, ಇವತ್ತು ನೋಡೇ ಬಿಡೂಣು ಅಂತ ಕುಂತೆ. ಬಂದ್ಲಲ್ಲ."

(ರುಕ್ಮಿಣಿಬಾಯಿಯದು ದಲಿತ ಕೇರಿಯ ಬೌದ್ಧ ಮನೆ, ಅನುಜಾ ಬ್ರಾಹ್ಮಣರ ಮಗಳು. ಈ ವಿಷಯ ಕಥೆಯಲ್ಲಿ ತರಬೇಕೋ ಬೇಡವೋ ಅಂತ ನಾನು ಪೆನ್ನು ಕಚ್ಚುತ್ತ ಕೂತಿದ್ದೆ. ಆಯಿಯೇ ತಂದುಬಿಟ್ಟರು. ಅನುರಾಧಾ ನನ್ನ ಕಿವಿಯಲ್ಲಿ, "ನಮ್ಮವ್ವನೂ ಬರ್ತೇವಿ ಅಂದವರಿಗೆ ಹಿಂಗೇ ಕಾಯ್ತಿದ್ಲ್ರಿ ಮೇಡಂ, ತಾಟಿನ ಮ್ಯಾಲ ತಾಟ ಮುಚ್ಚಿ" ಅಂದಳು.)

ಅನುಜಾ ಮಯೂರನನ್ನು ಅನುರಾಧಾಳ ಕೈಗೆ ಕೊಡಲು ಹೋದಳು, ಬೆನ್ನು ನೆನಪಾಗಿ ನನ್ನ ತೊಡೆಯ ಮೇಲೆ ಕೂರಿಸಿದಳು. ಕೈ ತೊಳೆದು ಬಂದು ಐದನೇ ಬೆಡ್ಡಿನ ತುದಿಗೆ ಕೂತಳು. "ಬಂದೇನ್ರಿ ಆಯಿ" ಅಂದು ರೊಟ್ಟಿ ಮುರಿದಳು. ಆಯಿಯೊಂದಿಗೆ ಕೂಡಿ ಉಂಡಳು, ಅಳುತ್ತಲೇ. ಪುಂಡಿಪಲ್ಯ ಹುಳಿ, ಕಣ್ಣೀರು ಉಪ್ಪು, ಆದರೂ ಎರಡನೇ ಸಲ ಹಾಕಿಸಿಕೊಂಡಳು. ಡಾಕ್ಟರ್ ವ್ಯಂಕಟೇಶ ಕನ್ನಡಕ ಒರೆಸಿಕೊಂಡರು, "ಶನಿವಾರ ಮಾತಾಡೂಣು" ಅಂದು ಹೊರಟರು. ಬಾಗಿಲಲ್ಲಿ ನಿಂತು "ಬರ್ತೇನಿ" ಅನ್ನಲು ಬಾಯಿ ತೆಗೆದವರು ಅರ್ಧಕ್ಕೇ ನುಂಗಿಕೊಂಡರು.

(ಆ ಸಂಜೆಯೇ ನನ್ನ ಕಲ್ಲು ತಾನಾಗಿ ಬಿತ್ತು. ಈ ಕಥೆಯಲ್ಲಿ ಗಟ್ಟಿಯಾದದ್ದು ಅದೊಂದೇ ಅಂತ ಯಾರಾದರೂ ಅನ್ನುವ ಮೊದಲು ನಾನೇ ಅಂದುಬಿಡುತ್ತೇನೆ.)

ಮೂರೂವರೆ

ಶನಿವಾರಕ್ಕೆ ನನ್ನ ಹತ್ತಿರ ಮೂರು ಮುಕ್ತಾಯಗಳಿವೆ.

ಮೊದಲನೆಯದರಲ್ಲಿ ಡಾಕ್ಟರ್ ಆಧಾ-ಆಧಾ ಬಂದ್ ಮಾಡುತ್ತಾರೆ. ಅನುರಾಧಾ ಯೂನಿಫಾರ್ಮ್ ಮಡಚಿ ಟ್ರಂಕಿನಲ್ಲಿಡುತ್ತಾಳೆ. ಎರಡು ಸಾಲು ಬರೆದು ನನಗೆ ಸಂಕಟವಾಯಿತು, ಅಳಿಸಿದೆ.

ಎರಡನೆಯದರಲ್ಲಿ ಡಾಕ್ಟರ್ ಭಾಷಣ ಮಾಡುತ್ತಾರೆ, ಇಬ್ಬರಿಗೂ ಶಾಲು ಹೊದಿಸುತ್ತಾರೆ, ಪೇಪರಿನಲ್ಲಿ ಫೋಟೋ. ಇದನ್ನು ಓದಿ ಹೇಳಿದಾಗ ಅನುರಾಧಾ ಬೆಲ್ಟು ಹಿಡಿದುಕೊಂಡು, "ನಗಸಬ್ಯಾಡ್ರಿ ಮೇಡಂ, ನಡಾ ನೋಯ್ತದ" ಅಂದಳು.

ಮೂರನೆಯದು ನಾನು ಕಣ್ಣಾರೆ ಕಂಡದ್ದು, ಹಾಗಾಗಿ ಕಥೆಗೆ ಅಷ್ಟಾಗಿ ಒಗ್ಗುವುದಿಲ್ಲ.

ಶನಿವಾರ ಮಧ್ಯಾಹ್ನ, ಪಾಳಿ ಬದಲಾಗುವ ಹೊತ್ತಿಗೆ, ಡಾಕ್ಟರ್ ವ್ಯಂಕಟೇಶ ಹೊಸ ಹುಕುಂ ತಂದರು. ಇನ್ನು ಮುಂದೆ ಯಾವ ಸಿಸ್ಟರೂ "ಬರ್ತೇನಿ" ಅನ್ನಕೂಡದು. "ಡ್ಯೂಟಿ ಮುಗೀತು, ಹೋಗ್ತೇನಿ" ಅಂತ ಪೇಷಂಟಿಗೆ ಸ್ಪಷ್ಟ ಹೇಳಬೇಕು.

ವಾರ್ಡಿಗೆ ವಾರ್ಡೇ ಎದ್ದಿತು. ಬಾಣಂತಿಯೊಬ್ಬಳು ಕಿವಿ ಮುಚ್ಚಿಕೊಂಡಳು. "ದವಾಖಾನ್ಯಾಗ ನಿಂತು ಹೋಗ್ತೇನಿ ಅಂತಾರೇನ್ರಿ ಯಾರಾರ!" ಅಂದರು ರುಕ್ಮಿಣಿಬಾಯಿ. ಶಮ್ಸುನ್ನಿಸಾ "ತೋಬಾ ತೋಬಾ" ಅಂತ ಕೆನ್ನೆ ಬಡಿದುಕೊಂಡಳು. ಡಾಕ್ಟರಿಗೆ ಬೆವರೊಡೆಯಿತು.

"ಸರ್, ಒಂದ್ ನಿಮಿಷ ನೋಡ್ರಿ" ಅಂದಳು ಅನುಜಾ. ಇಬ್ಬರೂ ಗುರುವಾರ ರಾತ್ರಿ ಫೋನಿನಲ್ಲೇ ಇದನ್ನು ಹೊಂದಿಸಿಕೊಂಡಿದ್ದರಂತೆ. ಇಬ್ಬರೂ ಒಂದನೇ ಬೆಡ್ಡಿನ ಹತ್ತಿರ ಜೋಡಿಯಾಗಿ ನಿಂತರು. ಸೂಜಿ ಏನಾಯಿತು, ಊಟ ಏನಾಯಿತು ಅಂತ ಅನುಜಾ ಪೇಷಂಟಿನ ಎದುರೇ ಹೇಳಿದಳು. ಹೇಳಿ ಮುಗಿಸಿ, "ಬರ್ತೇನ್ರಿ" ಅಂದಳು.

ಪಕ್ಕದಲ್ಲೇ ಅನುರಾಧಾ ಅಂದಳು: "ಬಂದೇನ್ರಿ."

ಎರಡನೇ ಬೆಡ್. ಬರ್ತೇನ್ರಿ. ಬಂದೇನ್ರಿ. ಮೂರನೇ ಬೆಡ್. ನಾಲ್ಕರಲ್ಲಿ ಡಿಸ್ಚಾರ್ಜ್ ಚೀಟಿ ಹಿಡಿದು ಕೂತಿದ್ದ ನನಗೂ ಹೇಳಿದರು. ಆ ಎರಡು ಮಾತು ಒಂದರ ಹಿಂದೆ ಒಂದು ಕಿವಿಗೆ ಬಿದ್ದಾಗ ಎಂಥ ನಿರಾಳ ಅಂತೀರಿ! ಹೊರಡುವವಳು ಹೊರಟಳು, ಬರುವವಳು ಬಂದಾಗಿದೆ, ನಡುವೆ ಬೀಳಲು ಜಾಗವಿಲ್ಲ. ಐದನೇ ಬೆಡ್‌ನಲ್ಲಿ ರುಕ್ಮಿಣಿಬಾಯಿ ಎರಡೂ ಮಾತನ್ನು ಕೇಳಿಸಿಕೊಂಡೇ ಡಬ್ಬಿಯ ಮುಚ್ಚಳ ತೆಗೆದರು.

ಡಾಕ್ಟರ್ ಬಾಗಿಲಿಗೆ ಒರಗಿ ನೋಡುತ್ತಿದ್ದರು.

"ನಡೀಲಿ" ಅಂದರು.

"ಎಲ್ಲೀತನಾ ಸರ್?" ಅಂತ ಕೇಳಿದಳು ಅನುರಾಧಾ.

"ನಡಿಯೋತನಾ."

ಅನುರಾಧಾ ಸ್ಟೂಲಿನ ಮೇಲೆ ಕೂತೇಬಿಟ್ಟಳು. ಬೆಲ್ಟು ಸಡಿಲ ಮಾಡಿ, ಒಂದು ತಿಂಗಳಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟಳು. ಅನುಜಾ ನಗುತ್ತಿದ್ದಳು, ಮೂಗು ಒರೆಸಿಕೊಳ್ಳುತ್ತಿದ್ದಳು, ಬ್ಯಾಗು ಹುಡುಕುತ್ತಿದ್ದಳು. ಮನೆಯಲ್ಲಿ ಮಯೂರ ಕಾಯುತ್ತಿದ್ದ.

ಇನ್ನರ್ಧ

"ನಡಿಯೋತನಾ", ಅಂದರೆ ನಡೆಯುವವರೆಗೆ, ಅನ್ನುವುದು ಮುಕ್ತಾಯವೇ ಅಂತ ನೀವು ಕೇಳಬಹುದು. ನಾಳೆ ಡಾಕ್ಟರ ಮನಸ್ಸು ಬದಲಾದರೆ? ಅನುರಾಧಾಳ ಬೆನ್ನು ಅರ್ಧ ದಿನಕ್ಕೂ ಒಪ್ಪದಿದ್ದರೆ? ನನಗೆ ಗೊತ್ತಿಲ್ಲ. ಕೇಳಲು ಹೋದರೆ ಇಬ್ಬರಲ್ಲಿ ಒಬ್ಬಳು ಯಾವಾಗಲೂ ಡ್ಯೂಟಿಯಲ್ಲಿರುತ್ತಾಳೆ, ಇನ್ನೊಬ್ಬಳು ನಿದ್ದೆಯಲ್ಲಿ.

ಪೂರ್ಣವಿರಾಮ ಹಾಕಲು ಕೂತಾಗ ಅನುಜಾ ಮತ್ತೆ ಮೇಜಿನ ಎದುರು ಬಂದಳು. "ಮುಗೀತು ಅಂತ ಬರದೀರಿ ಅಂದ್ರ ನೋಡ್ರಿ ಮತ್ತ. ನಾವಿನ್ನೂ ದುಡೀಲಿಕ್ಕತ್ತೇವಿ." ಹಾಗಾಗಿ ಮುಗಿಸುವುದಿಲ್ಲ. ಬೇರೆ ಒಂದು ಉಪಾಯ ಮಾಡಿದ್ದೇನೆ. ಈ ಕಥೆಯನ್ನೂ ಆಧಾ-ಆಧಾ ಮಾಡಿಬಿಡೋಣ. ನನ್ನ ಅರ್ಧ ದಿನ ಆಯಿತು. ಬೆನ್ನು ನನಗೂ ಇದೆ.

ಒಪ್ಪಿಸುತ್ತೇನೆ, ಕೇಳಿ. ನಾಲ್ಕನೇ ಬೆಡ್ ಖಾಲಿ, ಕಲ್ಲು ಬಿದ್ದಿದೆ. ಐದನೇ ಬೆಡ್‌ಗೆ ಸೂಜಿ ಆಗಿದೆ, ಊಟ ಮುಂದಿಟ್ಟಿದೆ. ಇಟ್ಟಿದೆ ಅಂದೆ, ಆಗಿದೆ ಅನ್ನಲಿಲ್ಲ, ಸರಿಯಾಗಿ ಕೇಳಿಸಿಕೊಳ್ಳಿ.

ಬರ್ತೇನ್ರಿ.

ಯಾಕೆ ಸುಮ್ಮನಿದ್ದೀರಿ? ಈಗ ಆ ಎರಡನೇ ಮಾತು ನೀವು ಅನ್ನಬೇಕು. ಜೋರಾಗಿ ಅನ್ನಿ, ಆಯಿಗೆ ಕೇಳಿಸಬೇಕು. ಮುಚ್ಚಳದ ಮೇಲೆ ಕೈಯಿಟ್ಟು ನಿಮ್ಮನ್ನೇ ನೋಡುತ್ತಿದ್ದಾರೆ.